ಮಾತು ತಿಳಿಯುವ ಹೋಮ್ ಥಿಯೇಟರ್: ನಮ್ಮ ಪಡಸಾಲೆಗೆ ಟಿವಿ, ಸ್ಪೀಕರ್ ಆರಿಸುವ ಬಗೆ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆರು ವರ್ಷದ ಹಿಂದೆ ದೊಡ್ಡ ಟಿವಿ ತಂದೆವು. ಅದರ ಜೊತೆಗೆ ಐದು ಪುಟ್ಟ ಸ್ಪೀಕರ್, ಒಂದು ದೊಡ್ಡ ಡಬ್ಬಿ ಇರುವ ಸೆಟ್ಟೂ ಬಂತು. ಮೊದಲ ದಿನ ಮನೆಯೆಲ್ಲ ನಡುಗಿತು. ಮಕ್ಕಳು ಕುಣಿದರು. ಅಪ್ಪ ಮಾತ್ರ ಅರ್ಧ ಸಿನಿಮಾಕ್ಕೇ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತರು. ಯಾಕೆ ಎಂದು ಕೇಳಿದೆ. "ಹಾಡು ಕೇಳ್ತಾವು, ಬಡದಾಡೋದು ಕೇಳ್ತೈತಿ. ಮಾತ ತಿಳಿವಲ್ದು ನೋಡಪಾ" ಅಂದರು.

ಅಪ್ಪ ಬನಶಂಕರಿ ಜಾತ್ರೆಯ ನಾಟಕ ನೋಡಿ ಬೆಳೆದವರು. ಬನದ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ. ಕೊನೆಯ ಸಾಲಿನಲ್ಲಿ ಕೂತವನಿಗೂ ಪಾತ್ರದ ಮಾತು ಮುಟ್ಟಬೇಕು. ಮುಟ್ಟದಿದ್ದರೆ ಜನ ಎದ್ದು ಪಕ್ಕದ ಟೆಂಟಿಗೆ ಹೋಗುತ್ತಾರೆ. ಅಪ್ಪನ ಅಳತೆ ಅದು. ಆಮೇಲೆ ಆ ಸೆಟ್ ತೆಗೆದು, ಓದಿ, ಕೇಳಿ, ನಾಲ್ಕಾರು ನೆಂಟರ ಮನೆಗಳಲ್ಲಿ ತಂತಿ ಎಳೆದು ಕಲಿತೆ. ಈಗ ನನ್ನ ಅಳತೆಯೂ ಅದೇ. ಸದ್ದು ದೊಡ್ಡದಿರುವುದು ಮುಖ್ಯವಲ್ಲ. ಮನೆಯ ಹಿರಿಯರಿಗೆ ಪ್ರತಿ ಮಾತೂ ತಿಳಿಯಬೇಕು. ಈ ಲೇಖನದ ಪ್ರತಿ ಸಲಹೆಯೂ ಅದನ್ನೇ ಮುಂದಿಟ್ಟುಕೊಂಡಿದೆ.

ಮೊದಲು ಒಂದು ಚಪ್ಪಾಳೆ

ಅಂಗಡಿಗೆ ಹೋಗುವ ಮೊದಲು ಟಿವಿ ಇಡುವ ಕೋಣೆಯ ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಅಲ್ಲೇ ನಿಂತರೆ ಒಳ್ಳೆಯದು. ಟಣ್ ಎಂದು ಎಳೆದುಕೊಂಡು ಹೋದರೆ ಕೋಣೆ ಮೊಳಗುತ್ತಿದೆ ಎಂದು ಅರ್ಥ. ಅಂಥ ಕೋಣೆಯಲ್ಲಿ ಎಷ್ಟು ದುಡ್ಡು ಸುರಿದರೂ ಮಾತು ಕಲೆಸಿಹೋಗುತ್ತದೆ.

ವಿಜಯಪುರದ ಗೋಳಗುಮ್ಮಟ ಹತ್ತಿದವರಿಗೆ ಇದು ಬೇಗ ತಿಳಿಯುತ್ತದೆ. 44 ಮೀಟರ್ ಹೊರವ್ಯಾಸದ ಆ ಗುಮ್ಮಟದೊಳಗೆ ಒಮ್ಮೆ ಕೂಗಿದರೆ ದನಿ ಹಲವು ಸಲ ತಿರುಗಿ ಬರುತ್ತದೆ. ಒಬ್ಬರೇ ಪಿಸುಗುಟ್ಟಿದರೆ ಆಚೆ ಬದಿಗೆ ಕೇಳುತ್ತದೆ, ಅದು ಸೊಗಸು. ಶಾಲೆಯ ಮಕ್ಕಳ ಗುಂಪು ಒಳಗೆ ಬಂದರೆ ಒಬ್ಬರ ಮಾತೂ ತಿಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಆಗುವುದೂ ಇದೇ, ಚಿಕ್ಕ ಅಳತೆಯಲ್ಲಿ. ಕೆಳಗೆ ಇಳಕಲ್ ಗ್ರಾನೈಟ್ ಅಥವಾ ಶಹಾಬಾದ್ ಪರಸಿ, ನಾಲ್ಕೂ ಕಡೆ ಸಿಮೆಂಟ್ ಗಿಲಾವು, ಮೇಲೆ ಸ್ಲ್ಯಾಬ್. ಎಲ್ಲವೂ ಗಟ್ಟಿ, ಎಲ್ಲವೂ ಸದ್ದನ್ನು ವಾಪಸ್ ಎಸೆಯುತ್ತವೆ.

ಇದಕ್ಕೆ ಮದ್ದು ಬಹಳ ಮನೆಗಳಲ್ಲಿ ಟ್ರಂಕಿನೊಳಗೇ ಇದೆ. ಕೌದಿ. ಹಳೆ ಸೀರೆಯ ಹಲವು ಪದರ ಸೇರಿಸಿ ಹೊಲಿದ ದಪ್ಪ ಕೌದಿ ಸದ್ದನ್ನು ಚೆನ್ನಾಗಿ ಹೀರುತ್ತದೆ. ಕೂರುವ ಜಾಗದ ಹಿಂದಿನ ಗೋಡೆಗೆ ಕಟ್ಟಿಗೆಯ ಕೋಲು ಹೊಡೆದು ಕೌದಿ ಇಳಿಬಿಡಿ. ಗೋಡೆಗೆ ಅಂಟಿಸಬೇಡಿ, ಎರಡು ಮೂರು ಇಂಚು ಸಂದು ಬಿಡಿ. ಸಂದು ಇದ್ದರೆ ಇನ್ನೂ ಸ್ವಲ್ಪ ಕೆಳಗಿನ ಸ್ವರಗಳನ್ನೂ ಅದು ಹೀರುತ್ತದೆ. ಟಿವಿ ಮತ್ತು ಕೂರುವ ಜಾಗದ ನಡುವಿನ ನೆಲಕ್ಕೆ ದಪ್ಪ ಜಮಖಾನ ಹಾಸಿ. ನವಲಗುಂದದ ಜಮಖಾನ ಇದ್ದರಂತೂ ಮನೆಗೂ ಕಳೆ ಬರುತ್ತದೆ. ಕಿಟಕಿಗೆ ತೆಳು ಪರದೆಯ ಬದಲು ದಪ್ಪನೆಯದು, ನಿರಿಗೆ ಜಾಸ್ತಿ ಇರುವಂಥದು.

ಪಕ್ಕದ ಗೋಡೆಗಳಿಗೆ ಒಂದು ಉಪಾಯವಿದೆ. ನೀವು ನಿಮ್ಮ ಜಾಗದಲ್ಲಿ ಕೂರಿ. ಮನೆಯವರೊಬ್ಬರು ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿ ಹಿಡಿದು ಮೆಲ್ಲಗೆ ಸರಿಸುತ್ತಾ ಹೋಗಲಿ. ಕನ್ನಡಿಯಲ್ಲಿ ಮುಂದಿನ ಸ್ಪೀಕರ್ ಎಲ್ಲಿ ಕಾಣುತ್ತದೋ ಅಲ್ಲಿಂದಲೇ ಸದ್ದು ಗೋಡೆಗೆ ಬಡಿದು ನಿಮ್ಮ ಕಿವಿಗೆ ಬರುತ್ತದೆ. ಆ ಜಾಗಕ್ಕೆ ಒಂದು ಕೌದಿಯನ್ನೋ, ಪುಸ್ತಕ ತುಂಬಿದ ಕಪಾಟನ್ನೋ ಇಡಿ. ಇಷ್ಟು ಮಾಡಿ ಮತ್ತೆ ಚಪ್ಪಾಳೆ ಹೊಡೆಯಿರಿ. ವ್ಯತ್ಯಾಸ ಕೂಡಲೇ ಕೇಳುತ್ತದೆ.

ಒಂದು ಮಾತು ನೆನಪಿರಲಿ. ಬಟ್ಟೆ ಹೀರುವುದು ಮೇಲಿನ ಮತ್ತು ನಡುವಿನ ಸ್ವರಗಳನ್ನು. ಬೇಸ್, ಅಂದರೆ ಗುಡುಗಿನಂಥ ತೀರ ಕೆಳಗಿನ ಸದ್ದು, ಅದಕ್ಕೆ ಬಗ್ಗುವುದಿಲ್ಲ. ಬೇಸ್ ಕೋಣೆಯ ಅಳತೆಯ ಮೇಲೆ ನಿಂತಿದೆ. 15 ಅಡಿ ಉದ್ದದ ಕೋಣೆ ಸುಮಾರು 37 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 37 ಕಂಪನ) ಗುಂಯ್‌ಗುಡುತ್ತದೆ, 12 ಅಡಿ ಅಗಲ ಸುಮಾರು 47ರಲ್ಲಿ, 10 ಅಡಿ ಎತ್ತರ ಸುಮಾರು 56ರಲ್ಲಿ. ಉದ್ದ ಅಗಲ ಎರಡೂ ಒಂದೇ ಆದರೆ ಎರಡೂ ಒಂದೇ ಸ್ವರವನ್ನು ಎತ್ತಿ ಹಿಡಿಯುತ್ತವೆ. ಅದಕ್ಕೇ ಚೌಕ ಕೋಣೆಯಲ್ಲಿ ಬೇಸ್ ಕೆಟ್ಟದಾಗಿ ಕೇಳುತ್ತದೆ. ಮನೆಯಲ್ಲಿ ಎರಡು ಕೋಣೆ ಇದ್ದರೆ ಟಿವಿಗೆ ಉದ್ದನೆಯದನ್ನು ಆರಿಸಿ.

ಎಷ್ಟು ಇಂಚು?

ಅಂಗಡಿಯಲ್ಲಿ ಎಲ್ಲ ಟಿವಿಯೂ ಚಿಕ್ಕದಾಗಿ ಕಾಣುತ್ತದೆ, ಮನೆಗೆ ತಂದ ಮೇಲೆ ದೊಡ್ಡದಾಗುತ್ತದೆ. ಅದಕ್ಕೆ ಟೇಪು ಹಿಡಿದು ಮೊದಲೇ ಅಳೆಯಿರಿ. ಕೂರುವ ಜಾಗದಿಂದ ಪರದೆವರೆಗಿನ ದೂರವನ್ನು ಇಂಚಿನಲ್ಲಿ ಬರೆದುಕೊಂಡು 1.6ರಿಂದ ಭಾಗಿಸಿ. ಬಂದ ಸಂಖ್ಯೆಯೇ ಸುಮಾರಾಗಿ ನಿಮ್ಮ ಟಿವಿಯ ಇಂಚು. ಏಳೂವರೆ ಅಡಿ ದೂರಕ್ಕೆ 55 ಇಂಚು, ಹತ್ತಿರ ಹತ್ತಿರ ಒಂಬತ್ತು ಅಡಿಗೆ 65 ಇಂಚು, ಆರು ಅಡಿಯೊಳಗೆ 43 ಇಂಚು. ಸಿನಿಮಾ ಮಂದಿರದಂತೆ ಕಣ್ಣು ತುಂಬಬೇಕು ಎನ್ನುವವರು 1.2ರಿಂದ ಭಾಗಿಸಬಹುದು. ಮನೆಮಂದಿಯೆಲ್ಲ ಕೂತು ಧಾರಾವಾಹಿ, ಕ್ರಿಕೆಟ್ಟು, ಸಿನಿಮಾ ನೋಡುವ ಪಡಸಾಲೆಗೆ ಮೊದಲ ಲೆಕ್ಕವೇ ಹಿತ.

ಗೋಡೆಯ ಮೇಲೆ ಕಾಗದ ಅಂಟಿಸಿ ನೋಡುವುದು ಇನ್ನೂ ಒಳ್ಳೆಯದು. 55 ಇಂಚಿನ ಪರದೆ ಎಂದರೆ ಅಗಲ 122 ಸೆಂಟಿಮೀಟರ್, ಎತ್ತರ 68. ಅಷ್ಟು ಅಳತೆಯ ಹಳೆ ಪೇಪರ್ ಅಂಟಿಸಿ ಎರಡು ದಿನ ಬಿಡಿ.

ಎತ್ತರದ ವಿಷಯದಲ್ಲಿ ನಮ್ಮ ಕಡೆ ಆಗುವಷ್ಟು ತಪ್ಪು ಬೇರೆ ಯಾವುದರಲ್ಲೂ ಆಗುವುದಿಲ್ಲ. ಶೋಕೇಸಿನ ಮೇಲೆ, ಐದಾರು ಅಡಿ ಎತ್ತರಕ್ಕೆ ಟಿವಿ ನೇತು ಹಾಕುತ್ತಾರೆ. ಕೆಳಗೆ ಗಾದಿಯ ಮೇಲೆ ಕೂತವರ ಕುತ್ತಿಗೆ ಕತ್ತೆತ್ತಿ ಕತ್ತೆತ್ತಿ ನೋಯುತ್ತದೆ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರೂವರೆ ಅಡಿ, ಗಾದಿಯಲ್ಲಿ ಕೂತವರದ್ದು ಎರಡೂವರೆ ಅಡಿ. ಪರದೆಯ ನಡುಭಾಗ ಕಣ್ಣಿನ ಮಟ್ಟಕ್ಕೆ ಹತ್ತಿರ ಇರಬೇಕು. ಮೊಳೆ ಹೊಡೆಯುವ ಹುಡುಗ ಬಂದಾಗ ಕುರ್ಚಿ ಹಾಕಿಕೊಂಡು ಕೂತು, ಕಣ್ಣಿನ ಎದುರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಕೊಡಿ.

ಪರದೆಯ ಜಾತಿ ಆರಿಸುವಾಗ ಕೋಣೆಯ ಬೆಳಕು ನೋಡಿ. ಹಗಲಲ್ಲಿ ಬಾಗಿಲು ತೆರೆದೇ ಇರುವ ಪಡಸಾಲೆಗೆ ಬೆಳಕು ಜಾಸ್ತಿ ಕೊಡುವ ಕ್ಯೂಎಲ್‌ಇಡಿ ಅಥವಾ ಮಿನಿ ಎಲ್‌ಇಡಿ ಸರಿ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವ ಕೋಣೆಗೆ ಓಎಲ್‌ಇಡಿಯಷ್ಟು ಕಪ್ಪು ಬೇರೆ ಯಾವುದೂ ಕೊಡುವುದಿಲ್ಲ, ಬೆಲೆಯೂ ಹಾಗೇ ಇದೆ. ಮಾಮೂಲಿ ಎಲ್‌ಇಡಿಯಲ್ಲಿ ಎರಡು ಬಗೆಯ ಪ್ಯಾನೆಲ್ ಬರುತ್ತವೆ. ವಿಎ ಪ್ಯಾನೆಲ್ಲಿನಲ್ಲಿ ಕಪ್ಪು ಚೆನ್ನಾಗಿರುತ್ತದೆ, ಆದರೆ ಬದಿಯಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್‌ನಲ್ಲಿ ಬದಿಯಿಂದಲೂ ಬಣ್ಣ ನಿಲ್ಲುತ್ತದೆ, ಕಪ್ಪು ಸ್ವಲ್ಪ ಬೂದಿ. ಪಡಸಾಲೆ ತುಂಬಾ ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂರುವ ಮನೆಗೆ ಐಪಿಎಸ್ ಆಗುತ್ತದೆ. ಕಿಟಕಿಯ ಎದುರಿಗೆ ಮಾತ್ರ ಯಾವ ಟಿವಿಯನ್ನೂ ಇಡಬೇಡಿ.

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆ ದರಪಟ್ಟಿ ತೋರಿಸಿದರೆ ಅದನ್ನು ಕೇಳಿ.

ಪ್ರೊಜೆಕ್ಟರ್ ಬೇಕು ಎನ್ನುವವರಿಗೆ ನನ್ನ ಮಾತು ಚಿಕ್ಕದು. ಕೋಣೆಯನ್ನು ಪೂರ್ತಿ ಕತ್ತಲು ಮಾಡಲು ಆಗುವುದಿದ್ದರೆ ಮಾತ್ರ ತನ್ನಿ. ಡಬ್ಬಿಯ ಮೇಲೆ ಬರೀ ಲುಮೆನ್ಸ್ ಎಂದು ದೊಡ್ಡ ಅಂಕಿ ಇದ್ದರೆ ನಂಬಬೇಡಿ, ಆನ್ಸಿ ಲುಮೆನ್ಸ್, ಅಂದರೆ ಗೊತ್ತಾದ ವಿಧಾನದಲ್ಲಿ ಅಳೆದ ಬೆಳಕು, ಎಷ್ಟು ಎಂದು ಕೇಳಿ. "4ಕೆ ಸಪೋರ್ಟ್" ಎಂದರೆ 4ಕೆ ಸಿಗ್ನಲ್ ತೆಗೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಪರದೆಗೆ ಹಾಕುವ ಚಿತ್ರ ಎಷ್ಟರದ್ದು ಎಂಬುದು ನೇಟಿವ್ ರೆಸಲ್ಯೂಷನ್ ಎಂಬ ಸಾಲಿನಲ್ಲಿ ಇರುತ್ತದೆ. ನೂರು ಇಂಚಿನ ಪರದೆಯ ಅಗಲ 221 ಸೆಂಟಿಮೀಟರ್. ಥ್ರೋ ರೇಶಿಯೋ, ಅಂದರೆ ಪರದೆಯ ಅಗಲದ ಎಷ್ಟು ಪಟ್ಟು ದೂರ ಇಡಬೇಕು ಎಂಬ ಅಂಕಿ, 1.2 ಇದ್ದರೆ ಪ್ರೊಜೆಕ್ಟರನ್ನು ಪರದೆಯಿಂದ ಸುಮಾರು 265 ಸೆಂಟಿಮೀಟರ್ ದೂರ ಇಡಬೇಕು. ಆ ಜಾಗದಲ್ಲಿ ನಿಮ್ಮ ಫ್ಯಾನು ತಿರುಗುತ್ತಿದೆಯಾ ಎಂದು ಮೊದಲೇ ನೋಡಿಕೊಳ್ಳಿ.

ದುಡ್ಡಿನ ಅರ್ಧ ಸದ್ದಿಗೆ

ಬಹಳ ಜನ ತೊಂಬತ್ತು ಪಾಲು ದುಡ್ಡು ಟಿವಿಗೆ ಹಾಕಿ, ಉಳಿದದ್ದರಲ್ಲಿ ಏನೋ ಒಂದು ಸ್ಪೀಕರ್ ತರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟೇ: 65 ಇಂಚು ಬಿಟ್ಟು 55 ತನ್ನಿ, ಉಳಿದ ದುಡ್ಡನ್ನು ಸದ್ದಿಗೆ ಹಾಕಿ. ಇವತ್ತಿನ ಟಿವಿಗಳು ತೆಳ್ಳಗೆ. ಅವುಗಳ ಸ್ಪೀಕರ್ ಚಿಕ್ಕದು, ಬಹುತೇಕ ಕೆಳಗೋ ಹಿಂದೋ ಮುಖ ಮಾಡಿರುತ್ತದೆ. ಮಾತು ನಮ್ಮ ಕಡೆ ಬರುವ ಬದಲು ನೆಲಕ್ಕೂ ಗೋಡೆಗೂ ಬಡಿಯುತ್ತದೆ. ಚಿತ್ರ ಎಷ್ಟು ಚೆಂದ ಇದ್ದರೇನು, ಅಲ್ವಾ?

ಮೊದಲು ನಾನು ತಂದ ಸೆಟ್ಟಿನ ವಿಷಯ ಹೇಳುತ್ತೇನೆ, ಅಂಥದ್ದು ಈಗಲೂ ಮಾರಾಟಕ್ಕಿದೆ. ಡಬ್ಬಿಯ ಮೇಲೆ 5.1 ಎಂದು ದೊಡ್ಡದಾಗಿ ಬರೆದಿತ್ತು. ಸಾವಿರಗಟ್ಟಲೆ ವ್ಯಾಟ್ ಪಿಎಂಪಿಒ ಎಂದೂ ಇತ್ತು. ನಿಜವಾದ 5.1 ಎಂದರೆ ಆರು ಬೇರೆ ಬೇರೆ ದಾರಿಯ ಸದ್ದು. ಮುಂದೆ ಎಡ, ನಡು, ಬಲ. ಹಿಂದೆ ಎಡ, ಬಲ. ಆ 'ಪಾಯಿಂಟ್ ಒಂದು' ಎಂದರೆ ಬೇಸಿಗಾಗಿ ಸಬ್‌ವೂಫರ್. ಸಿನಿಮಾದ ಮಾತುಗಳಲ್ಲಿ ಹೆಚ್ಚಿನವು ನಡುವಿನ ಚಾನೆಲ್ಲಿನಲ್ಲಿ ಇರುತ್ತವೆ. ಈ ಆರು ದಾರಿಯನ್ನು ಬಿಡಿಸಲು ಒಳಗೆ ಡಿಕೋಡರ್ ಬೇಕು. ನನ್ನ ಸೆಟ್ಟಿನಲ್ಲಿ ಡಿಕೋಡರೇ ಇರಲಿಲ್ಲ. ಟಿವಿಯಿಂದ ಬಂದ ಎರಡು ಚಾನೆಲ್ಲನ್ನೇ ಐದು ಸ್ಪೀಕರಿಗೂ ಹಂಚುತ್ತಿತ್ತು. ನಾಯಕನ ಮಾತು ಬೆನ್ನ ಹಿಂದಿನಿಂದಲೂ ಬರುತ್ತಿತ್ತು. ಅಪ್ಪನಿಗೆ ಮಾತು ತಿಳಿಯದೆ ಇದ್ದದ್ದು ಅದಕ್ಕೇ.

ಹಾಗಾಗಿ ಅಂಗಡಿಯಲ್ಲಿ ಮೂರು ಪ್ರಶ್ನೆ ಕೇಳಿ. ಡಾಲ್ಬಿ ಡಿಜಿಟಲ್ ಡಿಕೋಡರ್ ಇದೆಯಾ? ಟಿವಿಯ ಸದ್ದನ್ನು ಸ್ಪೀಕರ್ ಸೆಟ್ಟಿಗೆ ತರುವ ಎಚ್‌ಡಿಎಂಐ ಆರ್ಕ್ ಅಥವಾ ಇ-ಆರ್ಕ್ ಕಿಂಡಿ ಇದೆಯಾ? ಆರ್‌ಎಂಎಸ್ ವ್ಯಾಟ್ ಎಷ್ಟು? ಪಿಎಂಪಿಒ ಅಂಕಿ ಒಂದು ಕ್ಷಣದ ಉಬ್ಬರದ ಲೆಕ್ಕ, ಅದಕ್ಕೆ ಬೆಲೆ ಇಲ್ಲ. ಆರ್‌ಎಂಎಸ್ ಎಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಮೂರಕ್ಕೂ ನೇರ ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ನಡೆಯಿರಿ.

ಈಗ ಯಾವುದು ಯಾರಿಗೆ ಎಂಬುದನ್ನು ನೋಡೋಣ.

ಬಾಡಿಗೆ ಮನೆ, ಚಿಕ್ಕ ಕೋಣೆ, ತಂತಿ ಎಳೆಯುವುದು ಬೇಡ ಎನ್ನುವವರಿಗೆ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗೆ ಇಡುವ ಉದ್ದನೆ ಪಟ್ಟಿಯಂಥ ಸ್ಪೀಕರ್ ಸಾಕು. ಆದರೆ 2.1 ಬಿಟ್ಟು 3.1 ತೆಗೆದುಕೊಳ್ಳಿ. ಆ ಮೂರನೆಯದೇ ನಡುವಿನ ಚಾನೆಲ್, ಮಾತಿನದ್ದು. ವೈರ್‌ಲೆಸ್ ಹಿಂದಿನ ಸ್ಪೀಕರ್ ಎಂದು ಮಾರುವ ಸೆಟ್ಟುಗಳಲ್ಲಿಯೂ ಆ ಸ್ಪೀಕರಿಗೆ ಹೆಚ್ಚಾಗಿ ಕರೆಂಟಿನ ತಂತಿ ಬೇಕು. ಹಿಂದಿನ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದೆಯಾ ಎಂದು ನೋಡಿ.

ಸಂಗೀತವನ್ನೂ ಮನಸ್ಸಿಟ್ಟು ಕೇಳುವವರು, ಇಬ್ಬರು ಮೂವರೇ ಇರುವ ಮನೆಯವರು ಒಂದು ಜೊತೆ ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್, ಅದಕ್ಕೆ ಎಚ್‌ಡಿಎಂಐ ಇರುವ ಸ್ಟೀರಿಯೋ ಆಂಪ್ಲಿಫೈಯರ್ ತಂದರೆ ಸಾಕು. ಎರಡೂ ಸ್ಪೀಕರಿನ ನಡುವೆ ಕೂತವರಿಗೆ ಮಾತು ಪರದೆಯ ನಡುವಿನಿಂದಲೇ ಬಂದ ಹಾಗೆ ಕೇಳುತ್ತದೆ. ಬದಿಗೆ ಕೂತವರಿಗೆ ಆ ಭಾಗ್ಯ ಇಲ್ಲ.

ಸ್ವಂತ ಮನೆ, ದೊಡ್ಡ ಪಡಸಾಲೆ, ಕೂರುವ ಜನ ಜಾಸ್ತಿ ಎಂದರೆ ಎವಿ ರಿಸೀವರ್, ಅಂದರೆ ಡಿಕೋಡರೂ ಆಂಪ್ಲಿಫೈಯರೂ ಒಂದರಲ್ಲೇ ಇರುವ ಪೆಟ್ಟಿಗೆ, ಮತ್ತು ಬಿಡಿ ಸ್ಪೀಕರ್. ನನಗೆ ಇದೇ ಇಷ್ಟ. ಯಾಕೆಂದರೆ ಒಮ್ಮೆಲೇ ಎಲ್ಲ ಕೊಳ್ಳಬೇಕಿಲ್ಲ. ಈ ವರ್ಷ ರಿಸೀವರ್ ಮತ್ತು ಮುಂದಿನ ಮೂರು ಸ್ಪೀಕರ್, ಮುಂದಿನ ದೀಪಾವಳಿಗೆ ಸಬ್‌ವೂಫರ್, ಆಮೇಲೆ ಹಿಂದಿನವು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ನಡುವಿನ ಸ್ಪೀಕರನ್ನು ಎಡ-ಬಲದ ಅದೇ ಕಂಪನಿಯ ಅದೇ ಸಾಲಿನಿಂದ ತನ್ನಿ. ಇಲ್ಲದಿದ್ದರೆ ಪಾತ್ರ ಎಡದಿಂದ ಬಲಕ್ಕೆ ನಡೆದಾಗ ದನಿಯ ಬಣ್ಣ ಬದಲಾಗುತ್ತದೆ. ಸ್ಪೀಕರಿನ ಹಿಂದೆ ಬರೆದ ಓಮ್ ಅಂಕಿ, ರಿಸೀವರ್ ಹಿಂದೆ ಬರೆದ ಮಿತಿಯೊಳಗೆ ಇರಲಿ. ಸೆನ್ಸಿಟಿವಿಟಿ ಎಂಬ ಅಂಕಿಯನ್ನೂ ನೋಡಿ. 90 ಡೆಸಿಬಲ್ ಇರುವ ಸ್ಪೀಕರ್, 87 ಇರುವುದರ ಅರ್ಧ ಶಕ್ತಿಯಲ್ಲಿ ಅಷ್ಟೇ ಸದ್ದು ಕೊಡುತ್ತದೆ.

ಅಟ್ಮಾಸ್ ಎಂದು ಈಗ ಎಲ್ಲ ಡಬ್ಬಿಯ ಮೇಲೂ ಬರೆದಿರುತ್ತಾರೆ. ಸಿನಿಮಾ ಮಂದಿರಗಳಿಗೆ 2012ರಲ್ಲಿ, ಮನೆಗಳಿಗೆ 2014ರಲ್ಲಿ ಬಂದ ವಿಧಾನ ಇದು. ಮಳೆ, ಹೆಲಿಕಾಪ್ಟರ್ ತಲೆಯ ಮೇಲಿನಿಂದ ಬಂದಂತೆ ಕೇಳಿಸುತ್ತದೆ. ಮೇಲಕ್ಕೆ ಮುಖ ಮಾಡಿದ ಸ್ಪೀಕರ್ ಸದ್ದನ್ನು ಸೂರಿಗೆ ಹೊಡೆದು ಕೆಳಗೆ ಇಳಿಸುತ್ತದೆ. ಸಪಾಟಾದ ಸ್ಲ್ಯಾಬು, ಎಂಟರಿಂದ ಹನ್ನೆರಡು ಅಡಿ ಎತ್ತರ ಇದ್ದರೆ ಇದು ಕೆಲಸ ಮಾಡುತ್ತದೆ. ಹಳೆ ಊರಿನ ತೊಲೆ-ಜಂತಿಯ ಮಾಳಿಗೆ ಮನೆಯಲ್ಲಿ ಸದ್ದು ಚೆದುರಿಹೋಗುತ್ತದೆ, ಅಲ್ಲಿ ಆ ದುಡ್ಡು ಸುಮ್ನೆ ದಂಡ. ಅದನ್ನು ನಡುವಿನ ಸ್ಪೀಕರಿಗೆ ಹಾಕಿ.

ಕೊಳ್ಳುವ ದಿನ ಪೆನ್‌ಡ್ರೈವ್‌ನಲ್ಲಿ ನಿಮಗೆ ಬಾಯಿಪಾಠ ಇರುವ ಒಂದು ಕನ್ನಡ ದೃಶ್ಯ ಒಯ್ಯಿರಿ. ಅಂಗಡಿಯವರು ಹಾಕುವ ಸ್ಫೋಟದ ತುಣುಕು ಬೇಡ. ಮಾತು ಜಾಸ್ತಿ ಇರುವ ದೃಶ್ಯ, ಸದ್ದು ತಗ್ಗಿಸಿ ಕೇಳಿ. ತಗ್ಗಿಸಿದಾಗಲೂ ಪದ ಬಿಡಿಬಿಡಿಯಾಗಿ ಕೇಳಿದರೆ ಅದು ಒಳ್ಳೆಯ ಸ್ಪೀಕರ್.

ತಂತಿ

ಮನೆ ಕಟ್ಟಿಸುತ್ತಿದ್ದರೆ ಗಿಲಾವು ಆಗುವ ಮೊದಲೇ ಟಿವಿ ಗೋಡೆಯಿಂದ ಹಿಂದಿನ ಎರಡೂ ಮೂಲೆಗೆ ಒಂದಿಂಚಿನ ಪೈಪು ಹಾಕಿಸಿ, ಒಳಗೆ ಎಳೆಯುವ ತಂತಿ ಬಿಡಿಸಿ. ಕರೆಂಟಿನ ಪೈಪಿನಲ್ಲೇ ಸ್ಪೀಕರ್ ತಂತಿ ತೂರಿಸಲು ಬಿಡಬೇಡಿ. ಕಟ್ಟಿದ ಮನೆಯಾದರೆ ಗೋಡೆಯ ಬುಡದಲ್ಲಿ ಕೇಸಿಂಗ್ ಪಟ್ಟಿ ಹೊಡೆಸಿದರೆ ಆಯಿತು.

ಹತ್ತು ಮೀಟರ್ ಒಳಗೆ 1.5 ಚದರ ಮಿಲಿಮೀಟರ್ ತಾಮ್ರದ ತಂತಿ ಸಾಕು, ಅದಕ್ಕಿಂತ ಉದ್ದವಾದರೆ 2.5. ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಕೂಡಿಸಿ. ಒಂದು ಸ್ಪೀಕರಿನಲ್ಲಿ ಇದು ಅದಲುಬದಲಾದರೆ ಬೇಸ್ ಮಾಯವಾಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಟಿವಿಯಿಂದ ರಿಸೀವರಿಗೆ ಎಚ್‌ಡಿಎಂಐ ತಂತಿಯನ್ನು ಆರ್ಕ್ ಎಂದು ಬರೆದ ಕಿಂಡಿಗೇ ಹಾಕಬೇಕು, ಬೇರೆಯದಕ್ಕೆ ಹಾಕಿದರೆ ಟಿವಿಯ ಸದ್ದು ಬರುವುದಿಲ್ಲ. ಆರ್ಕ್‌ನಲ್ಲಿ ಓಟಿಟಿಯ ಅಟ್ಮಾಸ್ ಹಾಯುತ್ತದೆ, ಬ್ಲೂರೇಯ ಪೂರ್ತಿ ಗುಣಮಟ್ಟಕ್ಕೆ ಇ-ಆರ್ಕ್ ಬೇಕು. ಆಪ್ಟಿಕಲ್ ತಂತಿಯಲ್ಲಿ 5.1ರ ತನಕ ಸರಿ, ಅಟ್ಮಾಸ್ ಹಾಯುವುದಿಲ್ಲ. ಟಿವಿಯಿಂದ ಬ್ಲೂಟೂತ್ ಮೂಲಕ ಕೂಡಿಸಿದರೆ ಎರಡೇ ಚಾನೆಲ್ ಸಿಗುತ್ತದೆ, ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. 4ಕೆಗೆ ಮಾಮೂಲಿ ತಾಮ್ರದ ಎಚ್‌ಡಿಎಂಐ ಐದು ಮೀಟರ್ ತನಕ ನೆಚ್ಚಬಹುದು. ಪ್ರೊಜೆಕ್ಟರಿಗೆ ಇನ್ನೂ ಉದ್ದ ಬೇಕಾದರೆ ಫೈಬರ್ ಎಚ್‌ಡಿಎಂಐ ತನ್ನಿ. ಅದಕ್ಕೆ ತಲೆ-ಬಾಲ ಇದೆ, ತಿರುಗಿಸಿ ಹಾಕಿದರೆ ಚಿತ್ರ ಬರುವುದಿಲ್ಲ.

ಜಾಗ

ಮುಂದಿನ ಎಡ ಮತ್ತು ಬಲ ಸ್ಪೀಕರ್, ನೀವು ಕೂರುವ ಜಾಗ, ಈ ಮೂರೂ ಸರಿಸುಮಾರು ಸಮಬಾಹು ತ್ರಿಕೋನ ಆಗಬೇಕು. ಎರಡು ಸ್ಪೀಕರಿನ ನಡುವೆ ಎಂಟು ಅಡಿ ಇದ್ದರೆ ನಿಮ್ಮಿಂದ ಒಂದೊಂದಕ್ಕೂ ಎಂಟು ಅಡಿ. ಸ್ಪೀಕರ್ ಡಬ್ಬಿಯೊಳಗಿನ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕೆ ಇರಲಿ. ಹಿಂದಿನವು ನಿಮ್ಮ ಭುಜಕ್ಕಿಂತ ಸ್ವಲ್ಪ ಹಿಂದೆ, ಬದಿಯಲ್ಲಿ, ಸುಮಾರು 110 ಡಿಗ್ರಿಗೆ. ಕಿವಿಗಿಂತ ಒಂದೆರಡು ಅಡಿ ಮೇಲಿದ್ದರೂ ನಡೆಯುತ್ತದೆ.

ನಡುವಿನ ಸ್ಪೀಕರಿಗೆ ಜಾಸ್ತಿ ಮುತುವರ್ಜಿ ಬೇಕು. ಶೋಕೇಸಿನ ಗೂಡಿನೊಳಗೆ ತಳ್ಳಿದರೆ ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತದೆ. ಅದರ ಮುಖ ಹಲಗೆಯ ಅಂಚಿಗೆ ಬರಲಿ, ಅರ್ಧ ಇಂಚು ಹೊರಗೆ ಬಂದರೂ ಒಳ್ಳೆಯದೇ. ಟಿವಿಯ ಕೆಳಗಿದ್ದರೆ ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಕಿವಿಯ ಕಡೆಗೆ ಮುಖ ಎತ್ತಿ. ನಮ್ಮ ಮನೆಯಲ್ಲಿ ಅಪ್ಪ ಗಾದಿಯ ಮೇಲೆ, ಉಳಿದವರು ಸೋಫಾದಲ್ಲಿ. ನಾನು ಅಪ್ಪನ ಕಿವಿಗೆ ಗುರಿ ಇಟ್ಟಿದ್ದೇನೆ.

ಸಬ್‌ವೂಫರಿನ ಜಾಗ ಹುಡುಕಲು ಒಂದು ಹಳೆಯ ದಾರಿ ಇದೆ. ಅದನ್ನು ನೀವು ಕೂರುವ ಜಾಗದಲ್ಲೇ ಇಡಿ. ಬೇಸ್ ಚೆನ್ನಾಗಿರುವ ಹಾಡು ಹಚ್ಚಿ. ಈಗ ನೀವು ಗೋಡೆಯ ಗುಂಟ ಮೊಣಕಾಲೂರಿ ಸರಿಯುತ್ತಾ ಕೇಳಿ. ಎಲ್ಲಿ ಬೇಸ್ ಗುಂಯ್ ಎನ್ನದೆ ಬಿಡಿಯಾಗಿ ಕೇಳುತ್ತದೋ ಅಲ್ಲಿ ಸಬ್‌ವೂಫರ್ ಇಡಿ. ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಎಲ್ಲಿಂದ ಬಂತು ಎಂದು ಕಿವಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದು ಟಿವಿಯ ಪಕ್ಕವೇ ಇರಬೇಕಿಲ್ಲ. ಸಾಲುಮನೆಗಳಲ್ಲಿ ಪಕ್ಕದವರ ಗೋಡೆಗೆ ತಾಗಿಸಿ ಇಡಬೇಡಿ. ಬೇಸ್ ಗೋಡೆ ದಾಟಿ ಹೋಗುತ್ತದೆ.

ಸೆಟ್ಟಿಂಗು

ರಿಸೀವರ್ ಜೊತೆ ಮೈಕ್ ಬಂದಿದ್ದರೆ ಅದನ್ನು ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಇಟ್ಟು, ಫ್ಯಾನು ಆರಿಸಿ, ಅಳತೆ ಓಡಿಸಿ. ಮುಗಿದ ಮೇಲೆ ಅದು ಬರೆದ ದೂರವನ್ನು ಟೇಪಿನಿಂದ ಒಮ್ಮೆ ತಾಳೆ ನೋಡಿ. ಸದ್ದು ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಒಂದು ಅಡಿಗೆ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್. ಈ ಲೆಕ್ಕದಲ್ಲೇ ರಿಸೀವರ್ ಎಲ್ಲ ಸ್ಪೀಕರಿನ ಸದ್ದನ್ನು ಒಟ್ಟಿಗೆ ನಿಮ್ಮ ಕಿವಿಗೆ ಮುಟ್ಟಿಸುತ್ತದೆ. ಸಬ್‌ವೂಫರಿನ ದೂರ ಟೇಪಿಗಿಂತ ಜಾಸ್ತಿ ತೋರಿಸಿದರೆ ಹೆದರಬೇಡಿ, ಅದರೊಳಗಿನ ವಿಳಂಬವೂ ಆ ಅಂಕಿಯಲ್ಲಿ ಸೇರಿರುತ್ತದೆ. ಕ್ರಾಸ್‌ಓವರ್, ಅಂದರೆ ಯಾವ ಸ್ವರದಿಂದ ಕೆಳಗಿನದನ್ನು ಸಬ್‌ವೂಫರಿಗೆ ಕಳಿಸಬೇಕು ಎಂಬ ಗೆರೆ, 80 ಹರ್ಟ್ಸ್‌ನಿಂದ ಶುರು ಮಾಡಿ.

ಆಮೇಲೆ ಮನೆಯ ಹಿರಿಯರನ್ನು ಕೂರಿಸಿ, ನಡುವಿನ ಚಾನೆಲ್ಲನ್ನು ಎರಡು ಮೂರು ಡೆಸಿಬಲ್ ಏರಿಸಿ ಕೇಳಿಸಿ. ರಾತ್ರಿ ನೋಡುವಾಗ ನೈಟ್ ಮೋಡ್ ಹಾಕಿ. ಅದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಮಾತನ್ನು ಎತ್ತುತ್ತದೆ. ಪ್ರತಿ ಹೊಡೆದಾಟಕ್ಕೂ ರಿಮೋಟ್ ಹುಡುಕುವ ಕಷ್ಟ ತಪ್ಪುತ್ತದೆ. ಡಿಶ್ ಬಾಕ್ಸಿನ ಸೆಟ್ಟಿಂಗಿನಲ್ಲಿ ಆಡಿಯೋ ಸ್ಟೀರಿಯೋಗೆ ನಿಂತಿದ್ದರೆ ಡಾಲ್ಬಿಗೆ ಬದಲಿಸಿ, ಇಲ್ಲದಿದ್ದರೆ 5.1 ಚಾನೆಲ್ ಬಂದರೂ ನಿಮಗೆ ಎರಡೇ ಸಿಗುತ್ತದೆ. ಹಳೆಯ ಕನ್ನಡ ಸಿನಿಮಾಗಳ ಸದ್ದು ಮೂಲದಲ್ಲೇ ಮೋನೋ. ಅವನ್ನು ಸ್ಟೀರಿಯೋ ಮೋಡಿನಲ್ಲೇ ಬಿಡಿ, ಐದೂ ಸ್ಪೀಕರಿಗೆ ಹಂಚಿದರೆ ಗೋಜಲಾಗುತ್ತದೆ.

ಚಿತ್ರಕ್ಕೆ ಎರಡೇ ಕೆಲಸ. ವಿವಿಡ್ ಬಿಟ್ಟು ಸಿನಿಮಾ ಅಥವಾ ಫಿಲ್ಮ್‌ಮೇಕರ್ ಮೋಡ್ ಹಾಕಿ. ಮೊದಲ ದಿನ ಹಳದಿ ಎನಿಸುತ್ತದೆ, ಮೂರನೆಯ ದಿನ ಕಣ್ಣಿಗೆ ತಂಪು ಎನಿಸುತ್ತದೆ. ಮೋಶನ್ ಸ್ಮೂತಿಂಗ್ ಆರಿಸಿ. ಸಿನಿಮಾ ಸೆಕೆಂಡಿಗೆ 24 ಚಿತ್ರದ್ದು. ನಡುವೆ ಇಲ್ಲದ ಚಿತ್ರಗಳನ್ನು ಟಿವಿ ಸೇರಿಸಿದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್ಟಿಗೆ ಬೇಕಾದರೆ ಬೇರೆ ಮೋಡ್ ಇಟ್ಟುಕೊಳ್ಳಿ.

4ಕೆ ನೋಡಲು ಕನಿಷ್ಠ 15 ಎಂಬಿಪಿಎಸ್ ಇಂಟರ್ನೆಟ್ ಟಿವಿಗೆ ಮುಟ್ಟಬೇಕು. ಹಳೆ ಮನೆಯ ದಪ್ಪ ಕಲ್ಲಿನ ಗೋಡೆಯಲ್ಲಿ ವೈಫೈ ಸಾಯುತ್ತದೆ. ಲ್ಯಾನ್ ತಂತಿ ಎಳೆಸಿಬಿಡಿ.

ಕರೆಂಟು, ಗುಡುಗು, ಧೂಳು

ಟಿವಿಯ ಹಿಂದಿನ ಚೀಟಿ ಓದಿ. 100-240 ವೋಲ್ಟ್ ಎಂದಿದ್ದರೆ ಏರಿಳಿತವನ್ನು ಅದೇ ತಾಳಿಕೊಳ್ಳುತ್ತದೆ, ಪ್ರತ್ಯೇಕ ಸ್ಟೆಬಿಲೈಸರ್ ಬೇಕಿಲ್ಲ. ನಿಜವಾದ ಅಪಾಯ ಬೇರೆ ಇದೆ. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಮನೆಗೆ 230ರ ಬದಲು 400ರ ಹತ್ತಿರ ವೋಲ್ಟ್ ನುಗ್ಗಬಹುದು. ಅದಕ್ಕೆ ಮೇನ್ ಬೋರ್ಡಿನಲ್ಲಿ ಓವರ್‌ವೋಲ್ಟೇಜ್ ಕಟ್‌ಆಫ್ ಹಾಕಿಸಿ. ಬರೀ ಸ್ಪೈಕ್ ಬಸ್ಟರ್ ಪಟ್ಟಿ ಇದನ್ನು ತಡೆಯುವುದಿಲ್ಲ.

ಏಪ್ರಿಲ್, ಮೇ ತಿಂಗಳ ಅಡ್ಡಮಳೆಗೆ ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ ಪ್ಲಗ್ ಕಿತ್ತಿಡಿ. ಡಿಶ್ಶಿನ ತಂತಿ, ಇಂಟರ್ನೆಟ್ಟಿನ ತಂತಿ ಎರಡನ್ನೂ ಬಿಚ್ಚಿ. ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಸ್ಪೀಕರಿನಲ್ಲಿ ಸತತ ಗುಂಯ್ ಸದ್ದು ಇದ್ದರೆ ಮೊದಲು ಡಿಶ್ಶಿನ ತಂತಿ ಬಿಚ್ಚಿ ನೋಡಿ. ನಿಂತರೆ ಅದು ಅರ್ಥಿಂಗ್ ಸುತ್ತು, ಬಲ್ಲ ಎಲೆಕ್ಟ್ರಿಷಿಯನ್ನಿಗೆ ತೋರಿಸಿ. ಪ್ಲಗ್ಗಿನ ಮೂರನೆಯ ಪಿನ್ನು ಮುರಿಯುವ ಉಪಾಯ ಯಾರೇ ಹೇಳಿದರೂ ಕೇಳಬೇಡಿ, ಅದು ಜೀವಕ್ಕೆ ಅಪಾಯ. ಕರೆಂಟು ಇದ್ದಾಗ ಸುಮ್ಮನಿದ್ದು ಇನ್ವರ್ಟರ್ ಓಡಿದಾಗ ಮಾತ್ರ ಗುಂಯ್ ಎಂದರೆ ಇನ್ವರ್ಟರ್ ಸ್ಕ್ವೇರ್ ವೇವ್ ಇರಬಹುದು. ಸೈನ್ ವೇವ್ ಇದ್ದರೆ ಈ ಕಾಟ ಇಲ್ಲ.

ನಮ್ಮ ಬಿಸಿಲಿಗೆ ರಿಸೀವರನ್ನು ಮುಚ್ಚಿದ ಕಪಾಟಿನಲ್ಲಿ ಇಡಲೇಬಾರದು. ಮೇಲೆ ನಾಲ್ಕು ಇಂಚಾದರೂ ಗಾಳಿ ಆಡಬೇಕು. ಅದರ ಮೇಲೆ ಕ್ರೋಶಾದ ಬಟ್ಟೆ ಹಾಸುವ ರೂಢಿ ಇದೆ, ಅದನ್ನು ತೆಗೆಯಲು ಅವ್ವನನ್ನು ಒಪ್ಪಿಸಿ. ಪರದೆಯ ಧೂಳನ್ನು ಮೆತ್ತನೆ ಒಣ ಬಟ್ಟೆಯಿಂದ, ಟಿವಿ ಆರಿಸಿ ಒರೆಸಿ. ಕನ್ನಡಿ ಒರೆಸುವ ದ್ರಾವಣ ಬೇಡ.

ಕೊನೆಯ ಕೆಲಸ ರಿಮೋಟಿನದ್ದು. ಟಿವಿ ಮತ್ತು ರಿಸೀವರ್ ಎರಡರಲ್ಲೂ ಸಿಇಸಿ ಎಂಬ ಆಯ್ಕೆಯನ್ನು ಆನ್ ಮಾಡಿ. ಕೆಲವು ಕಂಪನಿಗಳು ಅದಕ್ಕೆ ಬೇರೆ ಹೆಸರು ಇಟ್ಟಿರುತ್ತವೆ. ಆಗ ಟಿವಿಯ ರಿಮೋಟ್ ಒಂದರಿಂದಲೇ ರಿಸೀವರ್ ಹತ್ತುತ್ತದೆ, ಸದ್ದೂ ಏರಿಳಿಯುತ್ತದೆ. ಉಳಿದ ರಿಮೋಟುಗಳನ್ನು ಡಬ್ಬಿಯಲ್ಲಿ ಎತ್ತಿಡಿ. ನಾನು ಟಿವಿಯ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ, ದಪ್ಪ ಅಕ್ಷರದಲ್ಲಿ. ಕೆಂಪು ಗುಂಡಿ ಒಂದು ಸಲ ಒತ್ತು. ಹತ್ತು ಎಣಿಸು. ಸದ್ದು 34. ಆ 34 ಅಪ್ಪ ಆರಿಸಿದ ಅಂಕಿ.